ಮೊಬೈಲಿನ ಇಯರ್‌ಫೋನ್ ಜಾಕ್ ಕುರಿತು ಗ್ರಾಹಕ ವ್ಯವಹಾರಗಳ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಯವರು,
ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ, ನವದೆಹಲಿ.

ಪ್ರತಿ: ಕಾರ್ಯದರ್ಶಿಯವರು, ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ನವದೆಹಲಿ.

ವಿಷಯ: ಮೊಬೈಲ್ ಫೋನಿನಲ್ಲಿ 3.5 ಮಿಲಿಮೀಟರ್ ಜಾಕ್ ಮತ್ತು ಎಫ್‌ಎಂ ರೇಡಿಯೊ ಇದೆಯೇ ಇಲ್ಲವೇ ಎಂಬ ಮಾಹಿತಿಯನ್ನು ಪೆಟ್ಟಿಗೆಯ ಮೇಲೆ ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಮೊಬೈಲಿಗೆ ವೈರಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವವರು ಈಗಲೂ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಸಮೀಕ್ಷೆಯೇನೂ ಬೇಕಾಗಿಲ್ಲ. ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಇರುವ ಮೊಬೈಲ್ ಅಂಗಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಸಾಲಾಗಿ ತೂಗುತ್ತಿರುವ ನೂರು, ನೂರೈವತ್ತು ರೂಪಾಯಿಯ ಇಯರ್‌ಫೋನುಗಳನ್ನು ನೋಡಿದರೆ ಸಾಕು. ಮಾರಾಟವಾಗದ ಸರಕನ್ನು ಯಾವ ಅಂಗಡಿಯವರೂ ಗಿರಾಕಿಯ ಕಣ್ಣಿಗೆ ಬೀಳುವ ಜಾಗದಲ್ಲಿ ನೇತುಹಾಕುವುದಿಲ್ಲ. ಆದರೆ ಅದನ್ನು ಕೊಂಡವರ ಫೋನಿನಲ್ಲಿ ಅದರ ಪಿನ್ ಹೋಗುವ ಜಾಗ ಇದೆಯೇ ಎಂಬುದು ಈಗ ಆಯಾ ಫೋನಿನ ಬೆಲೆಯನ್ನು ಅವಲಂಬಿಸಿದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಜಾಕ್ ಉಳಿದಿದೆ, ಮಧ್ಯಮ ಬೆಲೆಯವುಗಳಲ್ಲಿ ಒಂದೊಂದಾಗಿ ಕಾಣೆಯಾಗುತ್ತಿದೆ, ದುಬಾರಿ ಫೋನುಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೀಗಿದ್ದರೂ ಇದನ್ನು ಕೊಳ್ಳುವ ಮೊದಲೇ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸುವ ಹೊಣೆಯನ್ನು ಯಾರೂ ಹೊತ್ತಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಹೊಣೆಯನ್ನು ಯಾರಾದರೊಬ್ಬರು ಹೊರಲಿ ಎಂಬ ಕಾರಣಕ್ಕೆ.

ನಾನು ಮಲೆನಾಡಿನ ಒಂದು ಹಳ್ಳಿಯಲ್ಲಿದ್ದುಕೊಂಡು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವಳು. ಅವರಲ್ಲಿ ಕೆಲವರು ಬೇರೆ ಊರುಗಳಿಂದ ಫೋನಿನ ಮೂಲಕವೇ ಕಲಿಯುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಂತ ಹಿತಾಸಕ್ತಿ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವೈರ್ ಇಲ್ಲದ ಇಯರ್‌ಬಡ್ಸ್ ಮತ್ತು ನೆಕ್‌ಬ್ಯಾಂಡುಗಳ ಮೇಲೆ ನನಗೇನೂ ದ್ವೇಷವಿಲ್ಲ. ಗದ್ದೆ ಕೆಲಸ ಮಾಡುವಾಗ, ಬೈಕಿನಲ್ಲಿ ಹೋಗುವಾಗ ಕರೆ ಬಂದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಮಾತನಾಡುವಾಗ, ಅಡುಗೆ ಮಾಡುತ್ತ ಪ್ರವಚನ ಕೇಳುವಾಗ ಅವುಗಳಷ್ಟು ಅನುಕೂಲ ಬೇರೆ ಇಲ್ಲ. ಬ್ಲೂಟೂತಿನಿಂದ ಮೆದುಳಿಗೆ ಹಾನಿ ಎಂದು ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಸಂದೇಶಗಳನ್ನೂ ನಾನು ಈ ಪತ್ರದ ಜೊತೆ ಲಗತ್ತಿಸುತ್ತಿಲ್ಲ. ಇಯರ್‌ಬಡ್ಸ್ ಹೊರಸೂಸುವ ರೇಡಿಯೊ ಶಕ್ತಿ ಕೆಲವೇ ಮಿಲಿವಾಟ್‌ಗಳಷ್ಟು, ಕಿವಿಗೆ ಹಿಡಿದುಕೊಳ್ಳುವ ಫೋನೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿಯಲ್ಲಿ ಟವರಿನ ಜೊತೆ ಮಾತನಾಡುತ್ತದೆ. ನನ್ನ ತಕರಾರು ಆರೋಗ್ಯದ್ದಲ್ಲ, ಗ್ರಾಹಕರ ಆಯ್ಕೆಯದು.

ಈ ಜಾಕಿನ ವಂಶಾವಳಿ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳ ಫಲಕದ ಮುಂದೆ ಕುಳಿತ ಆಪರೇಟರುಗಳು ಒಬ್ಬರ ಸಾಲನ್ನು ಇನ್ನೊಬ್ಬರದಕ್ಕೆ ಜೋಡಿಸಲು ಬಳಸುತ್ತಿದ್ದ ಕಾಲು ಇಂಚಿನ ಪಿನ್ನೇ ಇದರ ಮೂಲ. ಟ್ರಾನ್ಸಿಸ್ಟರ್ ರೇಡಿಯೊಗಳ ಕಾಲಕ್ಕೆ ಅದು 3.5 ಮಿಲಿಮೀಟರಿಗೆ ಇಳಿಯಿತು, 1979ರಲ್ಲಿ ಬಂದ ವಾಕ್‌ಮನ್ ಅದನ್ನು ಲೋಕದ ಮೂಲೆಮೂಲೆಗೆ ಒಯ್ದಿತು. ಅಲ್ಲಿಂದಾಚೆಗೆ ಯಾವ ಕಂಪನಿಯ ಇಯರ್‌ಫೋನಾದರೂ ಯಾವ ಕಂಪನಿಯ ಪೆಟ್ಟಿಗೆಗಾದರೂ ಹೊಂದುವಂತಾಯಿತು. ಅದಕ್ಕೆ ಪಾಸ್‌ವರ್ಡ್ ಬೇಡ, ಜೋಡಣೆಯ ವಿಧಿವಿಧಾನ ಬೇಡ, ಚಾರ್ಜ್ ಬೇಡ.

2014ರಿಂದಲೇ ಅಲ್ಲೊಂದು ಇಲ್ಲೊಂದು ಫೋನ್ ಜಾಕ್ ಇಲ್ಲದೆ ಬಂದಿದ್ದರೂ ಗಾಳಿ ತಿರುಗಿದ್ದು 2016ರ ಸೆಪ್ಟೆಂಬರ್ 7ರಂದು. ಆಪಲ್ ಕಂಪನಿ ಐಫೋನ್ 7ರಿಂದ ಜಾಕನ್ನು ತೆಗೆದದ್ದಕ್ಕೆ ವೇದಿಕೆಯ ಮೇಲೆ ನಿಂತು ಧೈರ್ಯ ಎಂಬ ಕಾರಣ ಕೊಟ್ಟಿತು. ಅದೇ ದಿನ, ಅದೇ ವೇದಿಕೆಯ ಮೇಲೆ ತನ್ನ ವೈರ್ ಇಲ್ಲದ ಏರ್‌ಪಾಡ್ಸನ್ನೂ ಪ್ರಕಟಿಸಿತು. ಅದೇ ವರ್ಷ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ಜಾಕ್ ಉಳಿಸಿಕೊಂಡಿರುವುದನ್ನು ಹೆಮ್ಮೆಯಿಂದ ಹೇಳಿಕೊಂಡ ಗೂಗಲ್ ಮರುವರ್ಷ ಪಿಕ್ಸೆಲ್ 2ರಲ್ಲಿ ಅದನ್ನು ಕೈಬಿಟ್ಟಿತು. ಆಪಲನ್ನು ಜಾಹೀರಾತುಗಳಲ್ಲಿ ಗೇಲಿ ಮಾಡಿದ ಸ್ಯಾಮ್‌ಸಂಗ್ 2019ರ ಆಗಸ್ಟ್‌ನಲ್ಲಿ ನೋಟ್ 10ರೊಂದಿಗೆ ಅದೇ ದಾರಿ ಹಿಡಿಯಿತು. ವಿರುದ್ಧ ದಿಕ್ಕಿನಲ್ಲಿ ನಡೆದವರೂ ಇದ್ದಾರೆ: ಸೋನಿ ತನ್ನ ದುಬಾರಿ ಎಕ್ಸ್‌ಪೀರಿಯಾ ಸಾಲಿನಿಂದ ತೆಗೆದ ಜಾಕನ್ನು 2020ರಲ್ಲಿ ಮತ್ತೆ ತಂದಿತು. ಇದೆಲ್ಲಕ್ಕಿಂತ ನನಗೆ ಮೋಜೆನಿಸುವುದು, ಫೋನಿಗೆ ಜಾಕ್ ಬೇಡವೆಂದ ಆಪಲ್ ಕಂಪನಿಯೇ 2021ರ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪಿನಲ್ಲಿ ಅದೇ ಜಾಕನ್ನು ಉಳಿಸಿ, ಸ್ಟುಡಿಯೊಗಳಲ್ಲಿ ಬಳಸುವ ಹೆಡ್‌ಫೋನುಗಳಿಗೂ ಹೊಂದುವಂತೆ ಇನ್ನಷ್ಟು ಸುಧಾರಿಸಿ ಮಾರಿದ್ದು.

ಜಾಕ್ ತೆಗೆಯುವುದಕ್ಕೆ ಕೊಡುವ ಕಾರಣಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸುಮಾರು 14 ಮಿಲಿಮೀಟರ್ ಉದ್ದದ ಪಿನ್ ಒಳಹೋಗುವಷ್ಟು ಜಾಗ ತೆಳುವಾದ ಫೋನಿನೊಳಗೆ ದುಬಾರಿಯೇ ಸರಿ. ಆ ಜಾಗಕ್ಕೆ ಬ್ಯಾಟರಿಯೋ ಕ್ಯಾಮೆರಾದ ಭಾಗವೋ ಬರಬಹುದು. ಆದರೆ ನೀರು ಒಳಹೋಗದಿರಲು ಜಾಕ್ ಮುಚ್ಚಲೇಬೇಕಾಯಿತು ಎಂಬ ವಾದಕ್ಕೆ ಮಾತ್ರ ಆಧಾರವಿಲ್ಲ. ಒಂದೂವರೆ ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕೆಂಬ ಮಾನದಂಡಕ್ಕೆ ಹೊಂದುವಂತೆ 2016ರಲ್ಲೇ ಬಂದ ಗ್ಯಾಲಕ್ಸಿ ಎಸ್7ರಲ್ಲಿ ಜಾಕ್ ಇತ್ತು. ಜಾಕ್ ಹೋದ ಮೇಲೆ ಇಯರ್‌ಬಡ್ಸ್ ಮಾರಾಟವಾಗುತ್ತವೆ ಎಂಬ ಕಾರಣವನ್ನು ಯಾವ ಕಂಪನಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಯಾರು ಬಳಸುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳತಿಗೆ ಅಂಟಿಕೊಂಡ ಕೆಲವರ ಹಟ ಇದು ಎಂಬ ಭಾವನೆ ನಿರ್ಧಾರ ಮಾಡುವ ಜಾಗಗಳಲ್ಲಿ ಇರುವಂತಿದೆ.

ಬ್ಲೂಟೂತಿನಲ್ಲಿ ಧ್ವನಿ ನೇರವಾಗಿ ಹೋಗುವುದಿಲ್ಲ. ಫೋನ್ ಅದನ್ನು ಕುಗ್ಗಿಸಿ, ತುಂಡುತುಂಡಾಗಿ ಕಳುಹಿಸುತ್ತದೆ. ಇಯರ್‌ಬಡ್ಸ್ ಅದನ್ನು ಒಂದಷ್ಟು ಕೂಡಿಸಿಟ್ಟುಕೊಂಡು ಬಿಚ್ಚಿ ನುಡಿಸುತ್ತದೆ. ಸಾಮಾನ್ಯ ಇಯರ್‌ಬಡ್ಸ್‌ಗಳಲ್ಲಿ ಇದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ವಿಡಿಯೊ ಆ್ಯಪ್ ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತದೆ. ಹಾಡುವವರಿಗೆ ಆ ಸೌಲಭ್ಯವಿಲ್ಲ. ಆದಿತಾಳದಲ್ಲಿ ಒಂದು ಅಕ್ಷರಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಂಡು ಅಲಂಕಾರವನ್ನು ಮೂರನೆಯ ಕಾಲದಲ್ಲಿ, ಅಂದರೆ ಅಕ್ಷರಕ್ಕೆ ನಾಲ್ಕು ಸ್ವರದಂತೆ ಹಾಡಿದರೆ ಒಂದು ಸ್ವರಕ್ಕೆ ಸಿಗುವುದು ಕಾಲು ಸೆಕೆಂಡ್. ಐದನೆಯ ಒಂದು ಸೆಕೆಂಡಿನ ತಡ ಎಂದರೆ ಹೆಚ್ಚುಕಡಿಮೆ ಒಂದು ಸ್ವರವೇ ಹಿಂದೆ ಉಳಿದಂತೆ. ಶ್ರುತಿಯ ಆ್ಯಪ್ ಹಾಕಿಕೊಂಡು ಬರಿಯ ತಂಬೂರಿಯ ನಾದ ಕೇಳಲು ಇದರಿಂದ ತೊಂದರೆಯಿಲ್ಲ, ಆದರೆ ತಾಳದ ಆ್ಯಪಿನೊಂದಿಗೆ ಹಾಡಿ ಅದನ್ನು ರೆಕಾರ್ಡ್ ಮಾಡುವ ಮಗು ತಾನು ಲಯದಲ್ಲಿ ಇದ್ದೂ ತಪ್ಪಿದಂತೆ ಕೇಳಿಸುತ್ತದೆ. ಫೋನಿನಲ್ಲಿ ಹಾಡನ್ನು ಒಂದರ ಮೇಲೊಂದು ಪದರವಾಗಿ ಧ್ವನಿಮುದ್ರಿಸುವ ಯುವಕರು, ಭಾಗವತಿಕೆಗೆ ಮದ್ದಳೆಯ ಪೆಟ್ಟು ಹೊಂದಿಸಿಕೊಂಡು ಅಭ್ಯಾಸ ಮಾಡುವ ಯಕ್ಷಗಾನದ ವಿದ್ಯಾರ್ಥಿಗಳು, ಇವರೆಲ್ಲರಿಗೂ ಇದೇ ತೊಡಕು. ತಡವನ್ನು ಕಡಿಮೆ ಮಾಡುವ ಹೊಸ ತಂತ್ರಗಳು ಬಂದಿವೆ. ಆದರೆ ಅವು ಕೆಲಸ ಮಾಡಬೇಕಾದರೆ ಫೋನ್ ಮತ್ತು ಇಯರ್‌ಬಡ್ಸ್ ಎರಡರಲ್ಲೂ ಇರಬೇಕು.

ಇನ್ನೊಂದು ತೊಡಕು ಆನ್‌ಲೈನ್ ಪಾಠ ಹೇಳುವವರಿಗೆಲ್ಲ ಗೊತ್ತು, ಕಾರಣ ಮಾತ್ರ ಹಲವರಿಗೆ ತಿಳಿದಿಲ್ಲ. ಬ್ಲೂಟೂತ್ ಇಯರ್‌ಬಡ್ಸ್‌ನ ಮೈಕ್ ಚಾಲೂ ಆದ ಕೂಡಲೇ ಸಾಮಾನ್ಯವಾಗಿ ಅದು ಹಾಡಿನ ವಿಧಾನದಿಂದ ಫೋನ್ ಕರೆಯ ವಿಧಾನಕ್ಕೆ ಬದಲಾಗುತ್ತದೆ. ಅದುವರೆಗೆ ತುಂಬಿ ಬರುತ್ತಿದ್ದ ನಾದ ಕೊಳವೆಯೊಳಗಿನಿಂದ ಬಂದಂತೆ ಬಡಕಲಾಗುತ್ತದೆ. ಮಾತಿಗೆ ಅದು ಸಾಕು. ಗಮಕ ಸರಿಯಾಗಿ ಬಂತೇ ಇಲ್ಲವೇ ಎಂದು ಹೇಳಲು ಸಾಲದು. ನೂರೈವತ್ತು ರೂಪಾಯಿಯ ವೈರಿನ ಇಯರ್‌ಫೋನ್ ಈ ಒಂದು ಕೆಲಸದಲ್ಲಿ ಹತ್ತು ಪಟ್ಟು ಬೆಲೆಯ ಇಯರ್‌ಬಡ್ಸನ್ನು ಮೀರಿಸುತ್ತದೆ.

ಹಾಡಿನ ಮಾತು ಬಿಟ್ಟು ಬೇರೆಯವರನ್ನು ನೋಡೋಣ. ಕಣ್ಣು ಕಾಣದವರು ಫೋನನ್ನು ಟಾಕ್‌ಬ್ಯಾಕಿನಂಥ ಪರದೆ ಓದುವ ತಂತ್ರಾಂಶದ ಮೂಲಕ ಬಳಸುತ್ತಾರೆ. ಬೆರಳು ಸೋಕಿದ ಪ್ರತಿಯೊಂದು ಅಕ್ಷರವನ್ನೂ ಗುಂಡಿಯನ್ನೂ ಅದು ಓದಿ ಹೇಳುತ್ತದೆ. ಆ ದನಿ ತಡವಾಗಿ ಬಂದರೆ ಬೆರಳು ಆಗಲೇ ಮುಂದಿನ ಅಕ್ಷರದ ಮೇಲಿರುತ್ತದೆ. ಕೆಲವು ಇಯರ್‌ಬಡ್ಸ್ ಮೌನದ ನಂತರ ಎಚ್ಚರಗೊಳ್ಳುವಾಗ ಮೊದಲ ಪದದ ತಲೆಯನ್ನೇ ನುಂಗಿಬಿಡುತ್ತವೆ. ಬ್ಯಾಂಕಿನ ವ್ಯವಹಾರ ಮಾಡುವಾಗ ಇದೆಲ್ಲವನ್ನೂ ಸ್ಪೀಕರಿನಲ್ಲಿ ಕೇಳಿಸಿಕೊಳ್ಳುವುದು ಖಾಸಗಿತನದ ದೃಷ್ಟಿಯಿಂದ ಆಗುವ ಮಾತಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೆಯ ಪ್ರಕರಣವು ದಿನಬಳಕೆಯ ಎಲೆಕ್ಟ್ರಾನಿಕ್ ಸಾಮಾನುಗಳು ಎಲ್ಲರಿಗೂ ಹೊಂದುವ ಸಾರ್ವತ್ರಿಕ ವಿನ್ಯಾಸದಲ್ಲಿ ದೊರೆಯುವಂತೆ ಕ್ರಮ ಕೈಗೊಳ್ಳಬೇಕೆಂದು ಸರ್ಕಾರಕ್ಕೇ ಹೇಳುತ್ತದೆ. ಮೊಬೈಲ್ ಫೋನಿಗಿಂತ ದಿನಬಳಕೆಯ ಸಾಮಾನು ಇನ್ನಾವುದಿದೆ?

ಊರೂರು ತಿರುಗಿ ಸಂದರ್ಶನ ಮಾಡುವ ಸಣ್ಣ ಪತ್ರಿಕೆಯ ವರದಿಗಾರರು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬಹುಕಾಲ ಇದೇ ಜಾಕಿಗೆ ಹೋಗುತ್ತಿತ್ತು. ಬಸ್ಸಿನ ಪ್ರಯಾಣಿಕರ ವಿಷಯವಂತೂ ಸ್ವಲ್ಪ ತಮಾಷೆಯದು. ಹೈಕೋರ್ಟಿನ ನಿರ್ದೇಶನದ ಮೇರೆಗೆ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ಬಸ್ಸಿನೊಳಗೆ ಮೊಬೈಲನ್ನು ಜೋರಾಗಿ ಹಾಕಿಕೊಂಡು ಹಾಡು, ವಿಡಿಯೊ ಕೇಳುವುದನ್ನು ನಿಷೇಧಿಸಿತು; ಮಾತು ಕೇಳದವರನ್ನು ಬಸ್ಸಿನಿಂದ ಇಳಿಸುವ ಅಧಿಕಾರವನ್ನೂ ಕೊಟ್ಟಿತು. ಪಕ್ಕದ ಸೀಟಿನವರ ರೀಲ್ಸ್ ಕೇಳಿ ಬೇಸತ್ತವರಲ್ಲಿ ನಾನೂ ಒಬ್ಬಳಾದ್ದರಿಂದ ಅದನ್ನು ಸ್ವಾಗತಿಸಿದ್ದೇನೆ. ಆದರೆ ಇಯರ್‌ಫೋನ್ ಹಾಕಿಕೊಳ್ಳಿ ಎಂದು ಸಾರಿಗೆ ನಿಗಮ ಹೇಳುವ ಹೊತ್ತಿಗೆ ಅದನ್ನು ಸಿಕ್ಕಿಸುವ ಜಾಗವನ್ನು ಫೋನ್ ಕಂಪನಿಗಳು ಮುಚ್ಚುತ್ತ ಬಂದಿವೆ.

ಜಾಕ್ ಇಲ್ಲದಿದ್ದರೇನಂತೆ, ಚಾರ್ಜ್ ಹಾಕುವ ಕಿಂಡಿಗೆ ಟೈಪ್-ಸಿ ಕನೆಕ್ಟರ್ ಹಾಕಿಕೊಂಡರಾಯಿತು ಎಂದು ಮಾರುವವರು ಹೇಳುತ್ತಾರೆ. ತಮ್ಮ ಇಲಾಖೆ ಮುಖ್ಯವಾಗಿ ಗಮನಿಸಬೇಕಾದ ಅವ್ಯವಸ್ಥೆ ಇರುವುದು ಇಲ್ಲಿಯೇ. ಹೊರನೋಟಕ್ಕೆ ಒಂದೇ ಥರ ಕಾಣುವ ಈ ಕನೆಕ್ಟರುಗಳಲ್ಲಿ ಎರಡು ಜಾತಿ ಇವೆ. ಒಂದರೊಳಗೆ ಬರಿಯ ತಂತಿ ಮಾತ್ರ ಇರುತ್ತದೆ. ಧ್ವನಿಯನ್ನು ಸಿದ್ಧರೂಪದಲ್ಲಿಯೇ ಟೈಪ್-ಸಿ ಕಿಂಡಿಗೆ ಕಳುಹಿಸುವ ಏರ್ಪಾಡು ಫೋನಿನೊಳಗೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರೊಳಗೆ ಅಂಕಿಗಳ ರೂಪದಲ್ಲಿ ಬಂದ ಸಂಕೇತವನ್ನು ಧ್ವನಿಯಾಗಿ ಪರಿವರ್ತಿಸುವ ಸಣ್ಣ ಚಿಪ್ ಇರುತ್ತದೆ. ಅದರ ಬೆಲೆ ಹೆಚ್ಚು, ಹೆಚ್ಚು ಫೋನುಗಳಿಗೆ ಹೊಂದುವುದೂ ಅದೇ. ಮೊದಲ ಜಾತಿಯದನ್ನು ಆ ಏರ್ಪಾಡಿಲ್ಲದ ಫೋನಿಗೆ ಹಾಕಿದರೆ ಏನೂ ಕೇಳಿಸುವುದಿಲ್ಲ, ಎಷ್ಟೋ ಫೋನುಗಳು ಏನನ್ನೂ ಹೇಳುವುದೂ ಇಲ್ಲ. ಇಯರ್‌ಫೋನ್ ಕೆಟ್ಟಿದೆ ಎಂದು ಗಿರಾಕಿ ಅಂಗಡಿಗೆ ಹೋಗುತ್ತಾನೆ, ನಮ್ಮ ಹತ್ತಿರ ಸರಿಯಿದೆ ಎಂದು ಅಂಗಡಿಯವನು ತನ್ನ ಫೋನಿಗೆ ಹಾಕಿ ತೋರಿಸುತ್ತಾನೆ, ಇಬ್ಬರೂ ಹೇಳುವುದು ನಿಜವೇ. ಎಷ್ಟೋ ಕನೆಕ್ಟರುಗಳ ಪೊಟ್ಟಣದ ಮೇಲೆ ಅದು ಯಾವ ಜಾತಿಯದೆಂದು ಬರೆದಿರುವುದಿಲ್ಲ. ಫೋನಿನ ಪೆಟ್ಟಿಗೆಯ ಮೇಲೂ ಅದಕ್ಕೆ ಬೇಕಾದದ್ದು ಯಾವುದೆಂದು ಇರುವುದಿಲ್ಲ.

ಸರಿಯಾದ ಕನೆಕ್ಟರ್ ಸಿಕ್ಕಿತೆನ್ನಿ. ಆಗಲೂ ಕೇಳುವ ಹೊತ್ತಿನಲ್ಲಿ ಚಾರ್ಜ್ ಹಾಕುವಂತಿಲ್ಲ, ಅದಕ್ಕೆ ಕವಲೊಡೆದ ಮತ್ತೊಂದು ಕನೆಕ್ಟರ್ ಬೇಕು. ಚಾರ್ಜಿಂಗ್ ಪಿನ್ ಲೂಸ್ ಆಗಿದೆ ಎಂಬುದು ಮೊಬೈಲ್ ರಿಪೇರಿ ಅಂಗಡಿಗಳಿಗೆ ದಿನವೂ ಬರುವ ದೂರು. ಎರಡು ಕಿಂಡಿಗಳಿಗೆ ಹಂಚಿಹೋಗುತ್ತಿದ್ದ ಸವೆತವನ್ನೆಲ್ಲ ಒಂದೇ ಕಿಂಡಿಯ ಮೇಲೆ ಹೇರಿದರೆ ಆ ದೂರು ಕಡಿಮೆಯಾಗಲಾರದು.

ಇನ್ನು ಎಫ್‌ಎಂ ರೇಡಿಯೊ. ಜಾಕಿನ ವಿಷಯ ಬರಿಯ ಅನುಕೂಲದ್ದಾಗಿ ಉಳಿಯದೆ ಸಾರ್ವಜನಿಕ ಸುರಕ್ಷತೆಯದಾಗುವುದು ಇದರಿಂದ. ಫೋನುಗಳಲ್ಲಿ ವೈಫೈ, ಬ್ಲೂಟೂತ್ ನೋಡಿಕೊಳ್ಳುವ ಚಿಪ್ಪಿನೊಳಗೇ ಎಷ್ಟೋ ಬಾರಿ ಎಫ್‌ಎಂ ರಿಸೀವರ್ ಕೂಡ ಇರುತ್ತದೆ. ಇಲ್ಲದಿರುವುದು ಆಂಟೆನಾ. ನೂರು ಮೆಗಾಹರ್ಟ್ಸ್ ಆಸುಪಾಸಿನ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅದರ ಕಾಲು ಭಾಗದಷ್ಟು, ಅಂದರೆ ಮುಕ್ಕಾಲು ಮೀಟರ್ ಉದ್ದದ ತಂತಿ ಬೇಕು. ಅಂಗೈಯಗಲದ ಫೋನಿನಲ್ಲಿ ಅಷ್ಟು ಜಾಗವೆಲ್ಲಿ? ಮೀಟರಿನಷ್ಟು ಉದ್ದದ ಇಯರ್‌ಫೋನ್ ವೈರೇ ಆಂಟೆನಾ ಆಗಿ ಕೆಲಸ ಮಾಡುತ್ತದೆ. ಇಯರ್‌ಫೋನ್ ಸಿಕ್ಕಿಸಿ ಎಂದು ಫೋನಿನ ರೇಡಿಯೊ ಹಟ ಹಿಡಿಯುತ್ತಿದ್ದುದು ಈ ಕಾರಣಕ್ಕೆ. ಜಾಕ್ ಹೋದಾಗ ಅದರ ಹಿಂದೆಯೇ ರೇಡಿಯೊ ಕೂಡ ಹೋಯಿತು. ಒಳಗೇ ಆಂಟೆನಾ ಇಟ್ಟು, ವೈರ್ ಇಲ್ಲದೆ ಎಫ್‌ಎಂ ಕೇಳಿಸುವ ಕೀಪ್ಯಾಡ್ ಫೋನುಗಳು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತವೆ ಎಂಬುದು ನಿಜ; ಗ್ರಹಣಶಕ್ತಿ ವೈರಿನಷ್ಟು ಇರುವುದಿಲ್ಲ, ಆದರೂ ಕೇಳಿಸುತ್ತದೆ. ಐವತ್ತು ಸಾವಿರ ಕೊಟ್ಟವರಿಗೆ ಅದೂ ಇಲ್ಲ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ನಾಡು ನಮ್ಮದು. ಬೆಂಗಳೂರಿನ 101.3, ಮೈಸೂರಿನ 100.6ರಂಥ ಎಫ್‌ಎಂ ಕೇಂದ್ರಗಳನ್ನು ಈಗ ರೇಡಿಯೊ ಇಲ್ಲದ ಫೋನಿನಲ್ಲಿ ಕೇಳಬೇಕಾದರೆ ಇಂಟರ್ನೆಟ್ ಬೇಕು. ಪ್ರಸಾರ ಭಾರತಿಯ ಆ್ಯಪ್ ಇದೆ, ಚೆನ್ನಾಗಿಯೂ ಇದೆ, ಆದರೆ ಅದಕ್ಕೆ ಟವರ್ ಬದುಕಿರಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟೋ ಹಳ್ಳಿಗಳಿಗೆ ರಸ್ತೆ, ಕರೆಂಟು, ಮೊಬೈಲ್ ಸಂಪರ್ಕ ಒಟ್ಟಿಗೇ ಕಡಿದುಹೋದವು. ನಮ್ಮ ಕಡೆಯೂ ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದ ಮೇಲೆ ಫೋನ್ ಎಂಬುದು ಟಾರ್ಚ್ ಇರುವ ಗಡಿಯಾರವಷ್ಟೇ. ಅಪಾಯದ ಮುನ್ಸೂಚನೆ ಕೊಡಲು ಸರ್ಕಾರ 2023ರಲ್ಲಿ ಪರೀಕ್ಷಿಸಿದ, ಫೋನ್ ಒಮ್ಮೆಲೇ ಕೂಗಿಕೊಳ್ಳುವ ತುರ್ತು ಸಂದೇಶಗಳೂ ಟವರಿನಿಂದಲೇ ಬರಬೇಕು. ದೂರದ ಊರಿನ ಒಂದು ಪ್ರಸಾರ ಗೋಪುರ ನಿಂತಿದ್ದರೆ ಸಾಕು, ಎಫ್‌ಎಂ ಕೇಳಿಸುತ್ತದೆ.

ಇದನ್ನು ಸರ್ಕಾರಕ್ಕೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವೇ ತಯಾರಕರ ಸಂಘಗಳಿಗೆ ಸಲಹಾ ಪತ್ರ ಬರೆದು, ಎಫ್‌ಎಂ ಇರುವ ಫೋನುಗಳ ಸಂಖ್ಯೆ ಕೆಲವು ವರ್ಷಗಳಿಂದ ತೀವ್ರವಾಗಿ ಇಳಿದಿರುವುದನ್ನು ಎತ್ತಿ ತೋರಿಸಿ, ಇರುವ ರೇಡಿಯೊವನ್ನು ನಿಷ್ಕ್ರಿಯಗೊಳಿಸಬಾರದೆಂದು ಹೇಳಿತು. ವಿಪತ್ತಿನ ಕಾಲದ ಸಂಪರ್ಕವನ್ನೇ ಅದಕ್ಕೆ ಕಾರಣವಾಗಿ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ ಅದೇ ಬಗೆಯ ಶಿಫಾರಸು ಮಾಡಿತು. ಸಲಹೆ ಸಲಹೆಯೇ; ಅದನ್ನು ಮೀರಿದರೆ ದಂಡವಿಲ್ಲ. ಅದೂ ಅಲ್ಲದೆ ರಿಸೀವರನ್ನು ಚಾಲೂ ಇಡಿ ಎಂದರಷ್ಟೇ ಸಾಲದು. ಆಂಟೆನಾ ಇಲ್ಲದ ರಿಸೀವರ್ ಇದ್ದೂ ಇಲ್ಲದಂತೆ.

ಫೋನಿನೊಳಗೆ ಏನಿರಬೇಕೆಂದು ಸರ್ಕಾರ ಹೇಳುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಮಹಿಳೆಯರ ಸುರಕ್ಷತೆಗಾಗಿ ಎಲ್ಲ ಮೊಬೈಲುಗಳಲ್ಲೂ ಪ್ಯಾನಿಕ್ ಬಟನ್ ಮತ್ತು ಜಿಪಿಎಸ್ ಇರಬೇಕೆಂದು 2016ರಲ್ಲೇ ನಿಯಮ ಮಾಡಿದ ದೇಶ ಇದು. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಟೈಪ್-ಸಿ ಕಿಂಡಿಯನ್ನು ಕಡ್ಡಾಯ ಮಾಡಿದಾಗ ಯಾವ ಕಂಪನಿಯೂ ಅಂಗಡಿ ಮುಚ್ಚಿಕೊಂಡು ಹೋಗಲಿಲ್ಲ. ಆಪಲ್ 2020ರಲ್ಲಿ ಐಫೋನಿನ ಪೆಟ್ಟಿಗೆಯಿಂದ ಇಯರ್‌ಫೋನನ್ನು ಹೊರಗಿಟ್ಟಾಗಲೂ ಫ್ರಾನ್ಸಿನಲ್ಲಿ ಮಾತ್ರ ಕೊಡುತ್ತಲೇ ಇತ್ತು, ಏಕೆಂದರೆ ಅಲ್ಲಿನ ಕಾನೂನು ಕೇಳುತ್ತಿತ್ತು. ಆ ಷರತ್ತು ಸಡಿಲವಾದದ್ದು 2022ರ ಆರಂಭದಲ್ಲಿ.

ಇಷ್ಟಾದರೂ ಪ್ರತಿಯೊಂದು ಫೋನಿನಲ್ಲೂ ಜಾಕ್ ಇರಲೇಬೇಕೆಂಬ ಕಾನೂನನ್ನು ನಾನು ಕೇಳುತ್ತಿಲ್ಲ. ತೆಳುವಾದ ಫೋನ್ ಬೇಕೆನ್ನುವವರು ಅದನ್ನೇ ಕೊಳ್ಳಲಿ. ಕೇಳುತ್ತಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಈಗಾಗಲೇ ಕೊಟ್ಟಿರುವುದನ್ನು: ಕೊಳ್ಳುವ ವಸ್ತುವಿನ ಗುಣಮಟ್ಟ, ಮಾನದಂಡ, ಬೆಲೆಗಳ ಬಗ್ಗೆ ತಿಳಿಯುವ ಹಕ್ಕನ್ನು. ಮೊದಲನೆಯ ಕೋರಿಕೆ, ಫೋನಿನ ಪೆಟ್ಟಿಗೆಯ ಹೊರಮೈಯಲ್ಲೂ ಆನ್‌ಲೈನ್ ಮಾರಾಟದ ಪುಟದ ಮೊದಲ ಪರದೆಯಲ್ಲೂ ಮೂರು ಸಂಗತಿಗಳು ಇರಬೇಕು: 3.5 ಮಿಲಿಮೀಟರ್ ಜಾಕ್ ಇದೆಯೇ, ಎಫ್‌ಎಂ ಕೇಳಿಸುತ್ತದೆಯೇ ಮತ್ತು ಅದಕ್ಕೆ ವೈರ್ ಬೇಕೇ, ಜಾಕ್ ಇಲ್ಲದಿದ್ದರೆ ಎರಡರಲ್ಲಿ ಯಾವ ಬಗೆಯ ಕನೆಕ್ಟರ್ ಹೊಂದುತ್ತದೆ. ಹಿಂದಿನ ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಯನ್ನು ಹೆಬ್ಬೆರಳ ಗಾತ್ರದಲ್ಲಿ ಅಚ್ಚು ಹಾಕುವ ಕಂಪನಿಗಳಿಗೆ ಈ ಮೂರು ಸಾಲಿಗೆ ಜಾಗವಿಲ್ಲವೆಂದು ಹೇಳಲಾಗದು. ಕನೆಕ್ಟರುಗಳ ಪೊಟ್ಟಣಕ್ಕೂ ಇದೇ ನಿಯಮ ಅನ್ವಯಿಸಬೇಕು. ಟೈಪ್-ಸಿ ಕಿಂಡಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಮಾನದಂಡ ಪ್ರಕಟಿಸಿದೆ. ಅದರ ಮೂಲಕ ಧ್ವನಿ ಹೋಗುವ ಬಗೆಯನ್ನು ಗುರುತಿಸಲು ಒಂದು ಚಿಹ್ನೆಯನ್ನು ಗೊತ್ತುಮಾಡುವುದು ಅದಕ್ಕೆ ಕಷ್ಟದ ಕೆಲಸವಲ್ಲ.

ಎರಡನೆಯ ಕೋರಿಕೆ, ತಮ್ಮ ಇಲಾಖೆಯೇ ರೂಪಿಸುತ್ತಿರುವ ದುರಸ್ತಿ ಸೂಚ್ಯಂಕಕ್ಕೆ ಸಂಬಂಧಿಸಿದ್ದು. ತಾವು ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟು, ಫೋನು ಮತ್ತು ಟ್ಯಾಬ್ಲೆಟ್‌ಗಳಿಗೆ ಎಷ್ಟು ಸುಲಭವಾಗಿ ಬಿಚ್ಚಬಹುದು, ಬಿಡಿಭಾಗ ಸಿಗುತ್ತದೆಯೇ ಎಂಬಂಥ ಅಂಶಗಳ ಮೇಲೆ ಅಂಕ ಕೊಡಲು ಶಿಫಾರಸು ಮಾಡಿದೆ. ಅದು ಒಳ್ಳೆಯ ಹೆಜ್ಜೆ. ಆದರೆ ಜಾಕ್ ತೆಗೆದ ಮೇಲೆ ಅದರ ಬದಲಿಗೆ ಜನ ಕೊಳ್ಳುವ ಇಯರ್‌ಬಡ್ಸ್ ಆ ಲೆಕ್ಕದ ಹೊರಗೆ ಉಳಿಯುತ್ತವೆ. ಕಡಲೆಕಾಳಿನಷ್ಟು ಬ್ಯಾಟರಿಯನ್ನು ಒಳಗಿಟ್ಟು ಅಂಟು ಹಾಕಿ ಮುಚ್ಚಿದ ಅವನ್ನು ಸಾಮಾನ್ಯ ರಿಪೇರಿ ಅಂಗಡಿಯವರು ಬಿಚ್ಚಲು ಒಪ್ಪುವುದಿಲ್ಲ. ಎರಡು ಮೂರು ವರ್ಷದ ದಿನಬಳಕೆಯಲ್ಲಿ ಬ್ಯಾಟರಿ ಸೋತರೆ ಎರಡು ಕಿವಿಯವು ಮತ್ತು ಅವುಗಳ ಡಬ್ಬಿ ಸೇರಿ ಮೂರು ಲಿಥಿಯಂ ಬ್ಯಾಟರಿಗಳು ಕಸಕ್ಕೆ ಹೋಗುತ್ತವೆ. ವೈರಿನ ಇಯರ್‌ಫೋನಿನ ಪಿನ್ ಮುರಿದರೆ ಬೆಸುಗೆ ಹಾಕಿ ಹೊಸ ಪಿನ್ ಕೂರಿಸಿಕೊಡುವವರು ಈಗಲೂ ಇದ್ದಾರೆ. ಇಯರ್‌ಬಡ್ಸ್‌ಗಳನ್ನೂ ಸೂಚ್ಯಂಕದ ವ್ಯಾಪ್ತಿಗೆ ತರಬೇಕು; ಫೋನಿಗೆ ಅಂಕ ಕೊಡುವಾಗ ಟೈಪ್-ಸಿ ಕಿಂಡಿಯನ್ನು ಮುಖ್ಯ ಬೋರ್ಡ್ ಮುಟ್ಟದೆ ಬದಲಾಯಿಸಬಹುದೇ ಎಂಬುದನ್ನೂ ಪರಿಗಣಿಸಬೇಕು.

ಮೂರನೆಯದು ಎಲೆಕ್ಟ್ರಾನಿಕ್ಸ್ ಸಚಿವಾಲಯಕ್ಕೆ. 2023ರ ಸಲಹಾ ಪತ್ರವನ್ನು ನಿಯಮವಾಗಿ ಮಾಡಿ. ವೈರಿನ ಮೂಲಕವೋ ಒಳಗಿನ ಆಂಟೆನಾದಿಂದಲೋ, ಹೇಗೆ ಎಂಬುದನ್ನು ಕಂಪನಿಗಳಿಗೇ ಬಿಡಿ. ಇಂಟರ್ನೆಟ್ ಇಲ್ಲದಾಗಲೂ ಆಕಾಶವಾಣಿ ಕೇಳಿಸಬೇಕು ಎಂಬುದನ್ನಷ್ಟೇ ಷರತ್ತಾಗಿ ಇಡಿ. ಅತಿ ದುಬಾರಿ ಫೋನುಗಳಿಗೆ ಕಾಲಾವಕಾಶ ಕೊಟ್ಟರೂ ಸರಿ, ಹೆಚ್ಚು ಜನ ಕೊಳ್ಳುವ ಬೆಲೆಯ ಫೋನುಗಳಿಂದ ಆರಂಭಿಸಿ.

ಈ ಮೂರರಲ್ಲಿ ಮೊದಲನೆಯದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ, ಪೊಟ್ಟಣ ಕಟ್ಟಿದ ಸರಕುಗಳ 2011ರ ನಿಯಮಗಳಿಗೆ ಒಂದು ತಿದ್ದುಪಡಿ ಸಾಕೆಂದು ನನ್ನ ಅಭಿಪ್ರಾಯ. ಕರಡು ನಿಯಮಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಕನಿಷ್ಠ 30 ದಿನ ತೆರೆದಿಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲೇ ಒಪ್ಪಿಕೊಂಡಿದೆ. ಅಂಥದೊಂದು ಕರಡು ಸಿದ್ಧವಾದಾಗ ಅದು ಕನ್ನಡದಲ್ಲಿಯೂ ಇತರ ಭಾರತೀಯ ಭಾಷೆಗಳಲ್ಲಿಯೂ ಸಿಗಲಿ, ಪರದೆ ಓದುವ ತಂತ್ರಾಂಶ ಓದಬಲ್ಲ ರೂಪದಲ್ಲಿ ಇರಲಿ, ಮತ್ತು ಅಭಿಪ್ರಾಯ ಕೇಳುವಾಗ ತಯಾರಕರ ಸಂಘಗಳ ಜೊತೆಗೆ ದೃಷ್ಟಿದೋಷವುಳ್ಳವರ ಸಂಘಟನೆಗಳನ್ನೂ ರಿಪೇರಿ ಅಂಗಡಿಯವರನ್ನೂ ಕರೆಯಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಸಂಗೀತ ಶಿಕ್ಷಕಿ